ಕುಂಚಿಗಿಯೊಳಗಿನ ಬಾರಿಹಣ್ಣು

ನಮ್ಮ ಅಂಗಳದ ಬಾರಿಹಣ್ಣಿನ (ಕೆಲವರು ಎಲಚಿಹಣ್ಣು ಅಂತಾರಲ್ಲ, ಅದೇ) ರುಚಿ ಹೇಗಿದೆ ಎಂದು ಚಿತ್ತಾಪುರದ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಮಕ್ಕಳು ಹೇಳುತ್ತಾರೆ. ಪಕ್ಕದ ಮನೆಯ ಮೆಹಬೂಬ್ ಬೀ ಚಾಚಿ ಹೇಳುತ್ತಾರೆ. ಗಿಳಿಗಳನ್ನು ಕೇಳಿದರೆ ಅವೂ ಹೇಳಬಹುದು.

ಗೊತ್ತಿರಲೇಬೇಕಾಗಿದ್ದೂ ಗೊತ್ತಿಲ್ಲದವರು ಒಬ್ಬರೇ. ನನ್ನ ಗಂಡ. ಆ ಹಣ್ಣನ್ನು ಹುಟ್ಟಿಸಿದವರು!

ಹಣ್ಣನ್ನು ಹುಟ್ಟಿಸುವವನು ದೇವರಲ್ಲವೇ, ನಿನ್ನ ಗಂಡ ಯಾವಾಗ ಆ ಕೆಲಸಕ್ಕೆ ಇಳಿದ ಅಂತೀರಾ? ನಮ್ಮ ಅತ್ತೆಯೂ ಇಷ್ಟು ವರ್ಷ ಅದನ್ನೇ ಕೇಳುತ್ತ ಬಂದಿದ್ದಾರೆ. ತುಸು ತಾಳಿ, ಹೇಳುತ್ತೇನೆ.

ಈ ಅಂಕಣ ಓದುವವರಿಗೆ ನಮ್ಮವರ ಪರಿಚಯ ಇದ್ದೇ ಇದೆ. ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಇವರು ಅರ್ಜಿನವೀಸರು. ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಜನರ ಅರ್ಜಿ, ಖರೀದಿ ಪತ್ರ ಬರೆದುಕೊಡುತ್ತಾರೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ ಎಂದು ಚಕ್ಕುಬಂದಿ ಬರೆಯುವ ಮೊದಲು ಖುದ್ದು ಬದುವಿನ ಮೇಲೆ ಹೋಗಿ ನಿಲ್ಲುವ ಮನುಷ್ಯ. ಬಿಸಿಲಿರಲಿ, ಕೆಸರಿರಲಿ, ಮಾತು ಒಂದೇ: "ಕಣ್ಣಿಲೆ ಕಾಣಲಾರದ್ದು ಬರೀಬಾರದು."

(ಮದುವೆಗೆ ಮೊದಲು ನನ್ನನ್ನು ಎರಡು ಸಲ ನೋಡಲು ಬಂದಿದ್ದೂ ಇದೇ ಕಾರಣಕ್ಕಂತೆ. ಮೊದಲ ಸಲ ದೀಪ ಮಂದವಾಗಿತ್ತು!)

ಇಂಥವರ ಕೈಗೆ ಕೆಲವು ವರ್ಷಗಳ ಹಿಂದೆ ಅಂಗಡಿಯವನು ಅವಲಕ್ಕಿ ಚೂಡಾ ಕಟ್ಟಿಕೊಟ್ಟ ಒಂದು ಕಾಗದ ಬಂತು. ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆ. ಅದರಲ್ಲಿ ರಾಸ್ಪ್‌ಬೆರಿ ಎಂಬ ಹಣ್ಣಿನ ಹೊಸ ಕೆಂಪು ತಳಿಯ ವರ್ಣನೆ ಇತ್ತು. ನಮಗೆ ಗೊತ್ತಿದ್ದ ರಾಸ್ಪ್‌ಬೆರಿ ಎಂದರೆ ವಾಡಿ ಸ್ಟೇಷನ್ನಿನಲ್ಲಿ ಸಿಗುವ ಕೆಂಪು ಸೋಡಾ ಮಾತ್ರ. ಅದೊಂದು ಹಣ್ಣು ಎಂದು ತಿಳಿದದ್ದೇ ಆವತ್ತು. ಇವರು ಚೂಡಾ ಬಿಟ್ಟು ಕಾಗದ ಹಿಡಿದು ಕೂತರು.

"ನೋಡಿಲ್ಲಿ, ಹೆಬ್ಬಟ್ಟಿನಷ್ಟು ಹಣ್ಣಿಗಿ ಖರೀದಿ ಪತ್ರಕ್ಕಿಂತ ಉದ್ದ ಬರದಾರ! ತಾಯಿ ಯಾವ ಗಿಡ, ತಂದಿ ಯಾವ ಗಿಡ, ಮುಳ್ಳ ಎಷ್ಟ್ ಅವ, ಎಂದ ಹಣ್ಣಾಗ್ತದ, ಎಲ್ಲಾ ಅದ. ನಮ್ಮ ಬಾರಿಹಣ್ಣಿಗಿ ಯಾರರ ಒಂದ್ ಸಾಲು ಬರದಾರೇನು?"

"ಬಾರಿಹಣ್ಣೇನು ಹೊಲ ಮಾರಾಕತ್ತದೇನ್ರಿ, ಪತ್ರ ಬರ್ಯಾಕ?" ಎಂದೆ ನಾನು.

ಅವರು ನಗಲಿಲ್ಲ. ನಗದಿದ್ದಾಗಲೇ ನಾನು ಹೆದರಬೇಕಿತ್ತು.

ನಮ್ಮ ಅಂಗಳದಲ್ಲಿ ಕುಂಚಾವರಂ ಕಾಡಿನಿಂದ ತಂದು ನೆಟ್ಟ ಒಂದು ಬಾರಿಗಿಡವಿತ್ತು. ಅದರ ಹಣ್ಣಿಗೆ ಕುಂಕುಮದ ಕೆಂಪು. ಬಾಯಿಗಿಟ್ಟರೆ ಮಾತ್ರ ಹಲ್ಲು ಜುಂ ಎನ್ನುವ ಹುಳಿ. ಗೋಡೆಯಾಚೆ ಚಾಚಿಯ ಅಂಗಳದಲ್ಲಿ ಹೈದರಾಬಾದಿನಿಂದ ತರಿಸಿದ ಕಸಿ ಗಿಡವಿತ್ತು. ದೊಡ್ಡ ಹಣ್ಣು, ಸಕ್ಕರೆಯಂಥ ಸಿಹಿ, ಆದರೆ ಬಣ್ಣ ಜ್ವರದಿಂದ ಎದ್ದವರ ಹಾಗೆ. ಆ ಕೆಂಪು, ಈ ಸಿಹಿ ಒಂದೇ ಹಣ್ಣಿನಲ್ಲಿ ಬಂದರೆ? ಇವರ ತಲೆಗೆ ಹೊಕ್ಕ ಹುಳು ಇದು.

ಬಾರಿಯ ಹೂವು ನೋಡಿದ್ದೀರಾ? ಎಳ್ಳು ಕಾಳಿಗಿಂತ ತುಸು ದೊಡ್ಡದು. ಅದರೊಳಗಿನ ಕೇಸರವನ್ನು ನನ್ನ ಕಸೂತಿ ಸೂಜಿಯಿಂದ ಕಿತ್ತು, ಚಾಚಿಯ ಗಿಡದ ಹೂವಿನ ಪರಾಗ ತಂದು ಮುಟ್ಟಿಸಬೇಕು. ಕೋರ್ಟಿಗೆ ಹೋಗುವ ಮುಂಚೆ ಇವರು ಸ್ಟೂಲಿನ ಮೇಲೆ ನಿಂತು, ಉಸಿರು ಬಿಗಿಹಿಡಿದು ಈ ಕೆಲಸ ಮಾಡುತ್ತಿದ್ದರೆ ಅತ್ತೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು: "ನೊಣಾ ಮಾಡೋ ಕೆಲಸ ನೀ ಯಾಕ ಮಾಡಾಕತ್ತೀದಿ? ಅದಕ್ಕ ಕೋರ್ಟ್ ಇಲ್ಲ, ನಿನಗ ಅದ."

ಬೇರೆ ಪರಾಗ ಸೇರಬಾರದೆಂದು ಹಳೆಯ ಧೋತರ ಹರಿದು ಟೊಂಗೆ ಟೊಂಗೆಗೂ ಪುಟ್ಟ ಚೀಲ ಕಟ್ಟಿದರು. ದಾರಿಹೋಕರು ಅದನ್ನು ಹರಕೆಯ ಗಿಡ ಎಂದುಕೊಂಡರು. ಒಂದು ಬೆಳಿಗ್ಗೆ ನೋಡಿದರೆ ಟೊಂಗೆಯಲ್ಲಿ ಹಸಿರು ದಾರ, ಮರುದಿನ ಒಂದು ಜೊತೆ ಬಳೆ! ಬಿಚ್ಚೋಣವೆಂದರೆ ಯಾರ ಮನಸ್ಸಿನ ಬೇಡಿಕೆಯೋ ಏನೋ. ಇವರು ಬಿಚ್ಚಲಿಲ್ಲ. "ನಂದೂ ಒಂದ್ ಹರಕೀನೇ ಅಲ್ಲೇನು?" ಎಂದರು.

ಕಾಯಿ ಕಚ್ಚಿದ ದಿನ ಚಾಚಿ ಒಂದು ಬಟ್ಟಲು ಶೀರ್ ಖುರ್ಮಾ ಪಾಯಸ ಹಿಡಿದು ಬಂದರು. "ನಮ್ಮ ಗಿಡ ಗಂಡಿನ ಕಡೀದು. ಇನ್ನ ನಾವು ನೀವು ಬೀಗರು!" ಅಂದಿನಿಂದ ಅತ್ತೆ ಅವರನ್ನು ಬೀಗತಿ ಎಂದೇ ಕರೆಯುತ್ತಾರೆ.

ಬೀಜ ಬಿತ್ತಿ ನಾಲ್ಕು ಗಿಡ ಎದ್ದವು. ಒಂದಕ್ಕೆ ಬರೀ ಮುಳ್ಳು. ಇನ್ನೊಂದರ ಹಣ್ಣಿನಲ್ಲಿ ನಮಗಿಂತ ಮುಂಚೆ ಹುಳು ಬಾಡಿಗೆಗೆ ಬಂದಿತ್ತು. ಮೂರನೆಯದು ಹುಳಿಯಲ್ಲಿ ತಾಯಿಯನ್ನೂ ಮೀರಿಸಿತು. ಓಣಿಯವರು ನಕ್ಕರು. ಕೋರ್ಟಿನ ವಕೀಲರು "ಅರ್ಜಿನವೀಸರೇ, ಬಾರಿಗಿಡದ ಅಪೀಲು ಏನಾಯ್ತು?" ಎಂದು ಕಾಡಿದರು. ಇವರು ರಾತ್ರಿ ಊಟ ಅರ್ಧಕ್ಕೆ ಬಿಟ್ಟರು. ನನಗೆ ಆ ವಕೀಲರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕನೆಯ ಗಿಡ ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿತು. ಕೆಂಪು ಅಂದರೆ ಕೆಂಪು! ಗಾತ್ರದಲ್ಲಿ ಚಾಚಿಯ ಗಿಡವನ್ನೇ ಹೋಲುತ್ತಿತ್ತು. ಗಿಳಿ, ಅಳಿಲು ತಿಂದು ಒಂದು ತಟ್ಟೆಯಷ್ಟು ಉಳಿಯಿತು. ರುಚಿ? ಇವರು ನೋಡಲಿಲ್ಲ, ಯಾರಿಗೂ ಕೊಡಲಿಲ್ಲ. ಗುಲ್ಬರ್ಗದಿಂದ ತೋಟಗಾರಿಕೆ ಸಾಹೇಬರು ಬಂದು ಹಣ್ಣು ನೋಡಿ ವಿವರ ಬರೆದುಕೊಳ್ಳುವುದಿತ್ತು. ಅವರು ಒಪ್ಪಿದರೆ ಸರ್ಕಾರಿ ನರ್ಸರಿಯಲ್ಲಿ ಇದರ ಕಸಿ. ಒಪ್ಪದಿದ್ದರೆ ನಮ್ಮ ಅಂಗಳದಲ್ಲಿ ಇನ್ನೊಂದು ಮುಳ್ಳಿನ ಗಿಡ, ಅಷ್ಟೆ. ಸಾಹೇಬರಿಗೆ ಮೈಸೂರಿನ ಕಡೆ ವರ್ಗವಾಗಿತ್ತು. ಇದು ಅವರ ಕೊನೆಯ ಸುತ್ತು. ಮುಂದೆ ಬರುವವರು ದ್ರಾಕ್ಷಿ ನೋಡಲು ಹೋದಾರು, ಬಾರಿಹಣ್ಣಿಗೆ ಬರುತ್ತಾರೆಯೇ?

"ಒಂದರ ತಿಂದು ನೋಡ್ರಿ" ಎಂದೆ.

"ತನ್ನ ಕೇಸಿಗಿ ತಾನೇ ಸಾಕ್ಷಿ ಹೇಳಬಾರದು. ಸಾಹೇಬ್ರು ಮೊದ್ಲ ತಿನ್ಲಿ."

ನಮ್ಮ ಮನೆಗಳೇ ಹೀಗೆ. ಒಳ್ಳೆಯದೆಲ್ಲ ಯಾರಿಗೋ ಕಾದಿರುತ್ತದೆ. ಕಪಾಟಿನಲ್ಲಿನ ಹೂವಿನ ಚಿತ್ರದ ಕಪ್ಪು-ಬಸಿ ಬೀಗರಿಗೆ, ಟ್ರಂಕಿನ ಚಾದರ ನೆಂಟರಿಗೆ. ನಾವು ಕಿವಿ ಮುರಿದ ಕಪ್ಪಿನಲ್ಲಿ ಚಹಾ ಕುಡಿಯುತ್ತ ಆಯುಷ್ಯ ಕಳೆಯುತ್ತೇವೆ. ನಿಮ್ಮ ಮನೆ ಬೇರೆಯೇ?

ಸಾಹೇಬರು ಬರುವ ದಿನ ಸಂಕ್ರಾಂತಿ. ಊರಿಗೆ ಹೋಗಲು ರಜೆ ಸಿಗದ ಆ ಪುಣ್ಯಾತ್ಮರನ್ನು ಇವರು ಹಬ್ಬದ ಊಟಕ್ಕೇ ಕರೆದಿದ್ದರು. ಸೇಡಂಗೆ ಕೊಟ್ಟ ಮಗಳು ಕೂಸನ್ನು ಕರೆದುಕೊಂಡು ಬಂದಿದ್ದಳು. ಮೊಮ್ಮಗಳಿಗೆ ಮೊದಲ ಸಂಕ್ರಾಂತಿ. ಮನೆ ತುಂಬ ಮಂದಿ, ಓಣಿ ತುಂಬ ಮಕ್ಕಳು. ಇಂಥ ಮನೆಯಲ್ಲಿ ಹಣ್ಣು ಎಲ್ಲಿಡುವುದು? ಇವರು ಭಾಳ ಯೋಚಿಸಿ, ಯಾರಿಗೂ ಹೇಳದೆ, ತಟ್ಟೆಯನ್ನು ಒಯ್ದು ದೇವರ ಜಗಲಿಯ ಮೇಲೆ ಇಟ್ಟರು. ದೇವರ ಮುಂದಿನದನ್ನು ಯಾವ ಮಗು ಮುಟ್ಟೀತು? ಹಾಗೆಂದು ನಿಶ್ಚಿಂತೆಯಿಂದ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋದರು.

ಮಕ್ಕಳು ಮುಟ್ಟಲಿಲ್ಲ, ನಿಜ.

ನಮ್ಮ ಕಡೆ ಸಂಕ್ರಾಂತಿ ಸಂಜೆ ಎಳೆ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿ ಎರೆಯುತ್ತಾರೆ. ಎರೆಯುವ ಹಣ್ಣನ್ನು ಮೊದಲು ದೇವರ ಮುಂದೆ ಇಡುತ್ತಾರೆ. ಎರೆದದ್ದನ್ನು ನೆರೆದ ಮಕ್ಕಳು ಬಾಚಿ ತಿನ್ನಬೇಕು, ಅದೇ ಶಾಸ್ತ್ರ. ನಾನು ಒಳಗೆ ಸಜ್ಜಿರೊಟ್ಟಿ ಬಡಿಯುತ್ತಿದ್ದೆ. ಕಾಳು ತರಕಾರಿಯ ಭಜ್ಜಿ ಒಲೆಯ ಮೇಲಿತ್ತು. ಹೊರಗೆ ಆರತಿಯ ಹಾಡು, ಆಮೇಲೆ ಅಂಗಳಕ್ಕೆ ಹಾಸಿದ ಫರ್ಸಿ ಕಲ್ಲಿನ ಮೇಲೆ ಪಟಪಟ ಎಂದು ಹಣ್ಣು ಉದುರುವ ಸದ್ದು, "ಹೋ" ಎಂದು ಮಕ್ಕಳ ಕೂಗು. ಹಿಟ್ಟಿನ ಕೈಯಲ್ಲೇ ಓಡಿಬಂದೆ. ಅಂಗಳದಲ್ಲಿ ಕುಂಕುಮದ ಬಣ್ಣ!

"ತಿನ್ನಬ್ಯಾಡ್ರೋ!" ಎಂದು ಒಬ್ಬೊಬ್ಬರ ಮುಷ್ಟಿ ಬಿಡಿಸಿದೆ. ಮುಷ್ಟಿಯಲ್ಲಿ ಬೀಜ ಮಾತ್ರ.

ಅದೇ ಹೊತ್ತಿಗೆ ಬಾಗಿಲಲ್ಲಿ ಟಾಂಗಾ ನಿಂತಿತು. ಇವರು ಸಾಹೇಬರ ಚೀಲ ಹಿಡಿದು ಒಳಗೆ ಬಂದರು, ಅಂಗಳ ನೋಡಿದರು, ಮಕ್ಕಳ ಬಾಯಿ ನೋಡಿದರು. ಕೆಳಗೆ ಕೂತೇಬಿಟ್ಟರು.

"ಯವ್ವಾ, ಅವು ಸಾಹೇಬ್ರಿಗಿ ಇಟ್ಟಿದ್ದು."

ಅತ್ತೆ ಹೆದರಿದರೇ? ಛೇ. "ನೀನೇ ದೇವರ ಮುಂದ ಇಟ್ಟಿದ್ದೆಲ್ಲೋ! ಸಂಕ್ರಾಂತಿ ದಿನ ದೇವರ ಮುಂದ ಬಾರಿಹಣ್ಣ ಯಾಕ ಇಡ್ತಾರ? ನನ್ನ ಮಗ ಎಷ್ಟ್ ಶಾಣ್ಯಾ, ಮೊಮ್ಮಗಳಿಗಂತ ತನ್ನ ಗಿಡದ್ದೇ ಇಟ್ಟಾನಂತ ನಾ ಖುಷಿ ಆಗಿ ಎರದೆ. ಸಾಹೇಬ್ರಿಗಂತ ದೇವರು ಎದ್ದು ಬಂದು ಹೇಳ್ಬೇಕಿತ್ತೇನು?"

ಇವರು ಎದ್ದು ಸಾಹೇಬರಿಗೆ ಕೂರಲು ಹೊರಸು ಹಾಕಿದರು.

ಸಾಹೇಬರು ದೊಡ್ಡ ಮನುಷ್ಯರು. ತಲೆಯ ಮೇಲಿನ ವಾಡಿ ಸಿಮೆಂಟಿನ ಧೂಳು ಕೊಡವಿಕೊಂಡು ಹೊರಸಿನ ಮೇಲೆ ಕೂತು ಫಾರ್ಮು ತೆಗೆದರು. "ಹಣ್ಣಿಲ್ಲದಿದ್ರೆ ಏನಂತೆ, ತಿಂದವರಿದಾರಲ್ಲ. ಬನ್ರೋ ಮಕ್ಕಳೇ. ಎಷ್ಟು ದೊಡ್ಡದಿತ್ತು?"

ಒಬ್ಬ ಎರಡು ಬೆರಳು ಕೂಡಿಸಿ ತೋರಿಸಿದ. ಇನ್ನೊಬ್ಬ "ಇಷ್ಟಿತ್ರಿ" ಎಂದು ಮುಷ್ಟಿ ತೋರಿಸಿದ. (ಹಣ್ಣು ಸಿಗದವನು ಅವನು.)

"ಬಣ್ಣ?"

"ಮೊಹರಮ್‌ದಾಗ ಅಲಾಯಿ ದೇವರಿಗಿ ಕೆಂಪ್ ಬಟ್ಟಿ ಹಾಕ್ತಾರಲ್ರಿ, ಹಂಗ."

"ರುಚಿ?"

ಮಕ್ಕಳು ಮುಖ ಮುಖ ನೋಡಿಕೊಂಡವು. ಚಾಚಿಯ ಮೊಮ್ಮಗಳು ಮುಂದೆ ಬಂದಳು. "ಮೊದ್ಲ ಹುಳಿ ಬರ್ತದ್ರಿ, ಕಣ್ಣ ಮುಚ್ಚಬೇಕು. ಕಣ್ಣ ತೆಗಿಯೋದ್ರಾಗ ಸಿಹಿ ಆಗ್ತದ್ರಿ."

ಸಾಹೇಬರ ಪೆನ್ನು ಒಂದು ಕ್ಷಣ ನಿಂತಿತು. "ಕಿತ್ತ ಮೇಲೆ ಎಷ್ಟು ದಿನ ಕೆಡದೆ ಇರುತ್ತೆ?"

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ನಮ್ಮನ್ಯಾಗ ಇನ್ನಾ ಉಳಿಸಿ ನೋಡಿಲ್ರಿ!"

ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ತಪ್ಪು ತಿಳೀಬೇಡಿ. ಇದೆಲ್ಲ ಕೇಳಿ ಬರೆದದ್ದು. ಹಣ್ಣನ್ನ ಕಣ್ಣಾರೆ ನೋಡದೆ ನಾನು ಸಹಿ ಹಾಕೋಕೆ ಆಗಲ್ಲ."

"ಹೌದ್ರಿ ಸಾಹೇಬ್ರ" ಎಂದರು ಇವರು, ಮೆಲ್ಲಗೆ. "ಹಾಕಬಾರದು."

ತಮ್ಮ ಮಾತೇ ತಮ್ಮ ಕುತ್ತಿಗೆಗೆ ಬಂದಾಗಲೂ ಆ ಮಾತನ್ನು ಬಿಡಲಿಲ್ಲ ಈ ಮನುಷ್ಯ. ನನಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡೆ, ಹಿಟ್ಟು ಮುಖಕ್ಕೆಲ್ಲ ಹತ್ತಿತು.

ಆಗ ಮಗಳು ಕೂಸಿನ ಕುಂಚಿಗಿ ಬಿಚ್ಚಿದಳು. ಕುಂಚಿಗಿ ಎಂದರೆ ಕೂಸಿನ ತಲೆಗೆ ಹಾಕಿ ಬೆನ್ನಿನವರೆಗೆ ಇಳಿಬಿಡುವ ಟೊಪ್ಪಿಗೆ. ಚಾಚಿಯೇ ಹೊಲಿದು ಕೊಟ್ಟಿದ್ದು, ಅಂಚಿಗೆ ಜರಿ, ಹಿಂದೆ ದೊಡ್ಡ ಮಡಿಕೆ. ಆ ಮಡಿಕೆಯಿಂದ ಚುರುಮುರಿ ಉದುರಿತು. ಕಬ್ಬಿನ ತುಂಡು ಬಿತ್ತು. ಆಮೇಲೆ ಟಪ್ ಎಂದು ಒಂದು ಕೆಂಪು ಬಾರಿಹಣ್ಣು ಫರ್ಸಿಯ ಮೇಲೆ ಬಿದ್ದು ಉರುಳಿತು.

"ಯಾರೂ ಮುಟ್ಟಬ್ಯಾಡ್ರಿ!"

ಇವರು ಇಷ್ಟು ಜೋರಾಗಿ ಕೂಗಿದ್ದನ್ನು ನಾನು ಈ ಸಂಸಾರದಲ್ಲೇ ಕೇಳಿರಲಿಲ್ಲ. ಮಕ್ಕಳು ನಿಂತಲ್ಲೇ ನಿಂತವು.

ಸಾಹೇಬರು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು, ಅಳತೆ ಮಾಡಿದರು. ಚಾಕುವಿನಿಂದ ಕೊಯ್ದು ಬೀಜ ತೆಗೆದರು. ಅರ್ಧ ಬಾಯಿಗೆ ಹಾಕಿಕೊಂಡರು. ಅವರ ಕಣ್ಣು ಮುಚ್ಚಿತು. ಮೆಲ್ಲಗೆ ತೆರೆಯಿತು. ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು. ಉಳಿದರ್ಧವನ್ನು ಇವರ ಕೈಗಿಟ್ಟು, "ಹುಟ್ಟಿಸಿದವರು ನೀವು. ತಿನ್ನಿ" ಎಂದರು.

ಇವರು ಅದನ್ನು ಬಾಯಿಯ ಹತ್ತಿರ ಒಯ್ದರು. ತೊಡೆಯ ಮೇಲೆ ಹತ್ತಿ ಕೂತ ಮೊಮ್ಮಗಳು ಬಾಯಿ ತೆರೆದಳು. ಅಷ್ಟೂ ಹಣ್ಣು ಸುರಿದದ್ದು ಅವಳ ತಲೆಯ ಮೇಲೆ, ಅವಳಿಗೊಂದೂ ಸಿಕ್ಕಿರಲಿಲ್ಲ ನೋಡಿ. ಇವರು ಸಿಪ್ಪೆ ಸುಲಿದು, ತಿರುಳನ್ನು ಬೆರಳಲ್ಲಿ ಹಿಚುಕಿ, ಚೂರು ಚೂರೇ ಅವಳ ನಾಲಿಗೆಗೆ ಸವರಿದರು.

ಕೂಸು ಮುಖ ಕಿವುಚಿತು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿತು. ಅಂಗಳವೆಲ್ಲ ಬಗ್ಗಿ ನೋಡುತ್ತಿತ್ತು. ಆಮೇಲೆ ಕಣ್ಣು ಅರಳಿದವು. ಇನ್ನೂ ಬೇಕೆಂದು ಬಾಯಿ ಮತ್ತೆ ತೆರೆಯಿತು. ಇವರು ಗಹಗಹಿಸಿ ನಕ್ಕರು. ಬೆರಳಿಗಂಟಿದ್ದ ಕೊನೆಯ ಚೂರೂ ಅವಳಿಗೇ ಹೋಯಿತು.

"ತಳಿಯ ಹೆಸರು?" ಎಂದು ಸಾಹೇಬರು ಕೇಳಿದರು. ಇವರು 'ಚಿತ್ತಾಪುರ ಕೆಂಪು' ಎಂದು ಎಂದೋ ಯೋಚಿಸಿಟ್ಟಿದ್ದರು. ಬಾಯಿ ತೆರೆಯುವಷ್ಟರಲ್ಲಿ ಚಾಚಿ, "ಕುಂಚಿಗಿ ಬಾರಿ ಅಂತ ಬರ್ರಿ ಸಾಬ್! ಗಂಡ್ ಗಿಡ ನಮ್ದು, ಕುಂಚಿಗಿ ನಾ ಹೊಲದದ್ದು. ಹೆಸರ್ ಒಂದರ ನಮ್ಮ ಕಡೀದು ಇರ್ಲಿ" ಎಂದರು. ಬೀಗತಿಯ ಮಾತು ಮೀರುವುದುಂಟೇ? ಹಾಗೇ ಬರೆದಾಯಿತು. ಮಳೆಗಾಲ ಬಂದ ಮೇಲೆ ನಮ್ಮ ಗಿಡದ ಕಡ್ಡಿ ನರ್ಸರಿಗೆ ಕಸಿಗೆ ಹೋಗುತ್ತದೆ. ಚಾಚಿ ಈಗಲೇ ಓಣಿಗೆಲ್ಲ ಸಕ್ಕರೆ ಹಂಚಿ ಬಂದಿದ್ದಾರೆ.

ಫಾರ್ಮಿನ ಕೊನೆಯಲ್ಲಿ ಬೆಳೆಗಾರರ ಸಹಿಗೆ ಜಾಗ. ಮೇಲೆ ಒಂದು ಸಾಲು: ಬಣ್ಣ, ರುಚಿ ಎಲ್ಲ ವಿವರ ನನ್ನ ಸ್ವಂತ ತಿಳುವಳಿಕೆಯ ಪ್ರಕಾರ ನಿಜ. ಬದುವಿನ ಮೇಲೆ ನಿಂತು ನೋಡದೆ ಒಂದಕ್ಷರ ಬರೆಯದ ಮನುಷ್ಯ ಆ ಸಾಲನ್ನು ಎರಡು ಸಲ ಓದಿದರು. ಮೊಮ್ಮಗಳ ಕಡೆ ಒಮ್ಮೆ ನೋಡಿ ಸಹಿ ಜಡಿದೇ ಬಿಟ್ಟರು.

ಸಾಹೇಬರನ್ನು ಕಳಿಸಿ ಬಂದ ಮೇಲೆ ನಾನು ಬಿಡುತ್ತೇನೆಯೇ? "ರುಚಿ ನೋಡಲಾರದ ಹಣ್ಣಿಗಿ ಸಹಿ ಹಾಕಿದ್ರಿ. ಸುಳ್ಳು ಸಾಕ್ಷಿ ಆಗಲಿಲ್ಲೇನ್ರಿ?"

"ಯಾಕ ಸುಳ್ಳು? ಕಣ್ಣಿಲೆ ಕಂಡೀನಲ್ಲ!" ಎಂದರು, ಖಾಲಿ ಬೆರಳನ್ನು ಇನ್ನೂ ಮೂಸುತ್ತ.

ನಮ್ಮ ಕೋರ್ಟಿನ ವಕೀಲರೇ, ಈಗ ನೀವೇ ಹೇಳಿ: ಮೊಮ್ಮಗಳು ತಿಂದರೆ ಮುತ್ಯಾ ತಿಂದ ಹಾಗೆ ಎಂದು ಯಾವ ಕಾಯ್ದೆಯಲ್ಲಿದೆ?