ಹೊಟ್ಟು ಎಂದರೆ ಬೆಕ್ಕಿನ ಹೆಸರಲ್ಲ

ಬೆಳಗಿನ ಆರೂಕಾಲು. ಎಮ್ಮೆದೊಡ್ಡಿ ಕಾವಲಿನ ಅಂಚಿನ ಗಾಡಿದಾರಿಯಲ್ಲಿ ಕೋಮಲಾ ಬೋರಲು ಮಲಗಿದ್ದಾರೆ. ಚೂಡಿದಾರದ ಮೇಲೆ ಗಂಡನ ಹಳೇ ಅಂಗಿ, ಮೂಗಿಗೆ ಟವೆಲು, ಕೈಯಲ್ಲಿ ಹಾಲಿನ ಕವರಿನೊಳಗೆ ಸೇರಿಸಿದ ಮೊಬೈಲು. ಕ್ಯಾಮೆರಾದ ಕಣ್ಣಿಗಷ್ಟೇ ಜಾಗ ಬಿಟ್ಟು ಕವರಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ಐವತ್ತು ಹೆಜ್ಜೆ ಆಚೆ ದೇವೀರಪ್ಪ ತಮ್ಮ ಹದಿನಾಲ್ಕು ದನಗಳಿಗೆ ಕೋಲು ಅಡ್ಡ ಹಿಡಿದು ನಿಂತಿದ್ದಾರೆ.

“ಬಿಡ್ಲೇನವ್ವಾ? ನಿಲ್ತಾ ಇಲ್ಲ ಇವು.”

“ಒಂಚೂರು ತಡಿ ದೇವೀರಣ್ಣ. ಬಿಸಿಲು ದನದ ಬೆನ್ನಿಂದೆ ಬರ್ಲಿ.”

ಬಿಸಿಲು ಬರುತ್ತದೆ, ಕೋಲು ಸರಿಯುತ್ತದೆ. ದನಗಳು ಕೋಮಲಾ ಅವರ ತಲೆಯಿಂದ ಎರಡು ಮಾರು ದೂರದಲ್ಲಿ ದಡದಡ ಹಾದುಹೋಗುತ್ತವೆ. ಗೊರಸಿನಡಿಯಿಂದ ಎದ್ದ ಕೆಮ್ಮಣ್ಣಿನ ಧೂಳು ಬಿಸಿಲಿಗೆ ಸಿಕ್ಕಿ ಹೊಳೆಯುತ್ತದೆ. ನಲವತ್ತು ಸೆಕೆಂಡಿನ ವಿಡಿಯೊ. ಅದರಲ್ಲಿ ಕೆಲಸಕ್ಕೆ ಬರುವುದು ಮೂರೇ ಸೆಕೆಂಡು. ಕೋಮಲಾ ಎದ್ದು, ಬಾಯೊಳಗಿನ ಮಣ್ಣು ಉಗುಳಿ, ಅದನ್ನು ಅಲ್ಲೇ ನಿಂತು ನಾಲ್ಕು ಬಾರಿ ನೋಡುತ್ತಾರೆ.

“ನಾಕು ವರ್ಸದಿಂದ ನೋಡ್ತಿವ್ನಿ. ಹಾಲು ಕೇಳಲ್ಲ, ಗೊಬ್ರ ಕೇಳಲ್ಲ, ಧೂಳು ಹಿಡ್ಕೊಂಡ್ ಹೋಯ್ತಾರೆ,” ಎನ್ನುತ್ತಾರೆ ದೇವೀರಪ್ಪ. “ನಮ್ ದನದ ಧೂಳು ಫಾರಿನ್ ಕಂಡೈತಂತೆ. ನಾವು ಬೀರೂರು ದಾಟಿಲ್ಲ.”

ಮೂವತ್ತಾರು ವರ್ಷದ ಕೋಮಲಾ ಇಂಥ ಚಿತ್ರಣ ನೋಡಿಕೊಂಡು ಕಂಪ್ಯೂಟರಿನಲ್ಲಿ ವಿಡಿಯೊ ಗೇಮ್‌ಗಳಿಗೆ ಧೂಳು ಮಾಡಿಕೊಡುತ್ತಾರೆ. ಹೊಗೆ, ಕಿಡಿ, ಬೂದಿ, ಇಬ್ಬನಿ ಕೂಡ. ಗೇಮಿನಲ್ಲಿ ಕುದುರೆ ಓಡಿದಾಗ, ಕೋಟೆ ಕುಸಿದಾಗ ಏಳುವುದೆಲ್ಲ ತಾನಾಗಿ ಏಳುವುದಿಲ್ಲ, ಯಾರೋ ಒಬ್ಬರು ಕೂತು ಎಬ್ಬಿಸಬೇಕು. ಆಡುವವನ ಕಣ್ಣು ಬಂದೂಕಿನ ಮೇಲಿರುತ್ತದೆ, ಧೂಳಿನ ಮೇಲಲ್ಲ. ಆದರೆ ಧೂಳು ಏಳದಿದ್ದರೆ ಮಾತ್ರ “ಇದು ಸುಳ್ಳು” ಎಂದು ಆ ಕ್ಷಣವೇ ಮುಖ ಸಿಂಡರಿಸುತ್ತಾನೆ. ಸಾರಿನಲ್ಲಿ ಉಪ್ಪಿದ್ದಾಗ ಯಾರೂ ಉಪ್ಪನ್ನು ಹೊಗಳುವುದಿಲ್ಲವಲ್ಲ, ಹಾಗೆ.

ಕಡೂರಿನಲ್ಲಿ ಅವರ ಗಂಡ ಓಂಕಾರೇಶ್ ಅವರದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಅದರ ಮೇಲಿನ ಕೋಣೆಯೇ ಕೋಮಲಾ ಅವರ ಆಫೀಸು. “ಓಂಕಾರೇಶನ ಹೆಂಡ್ತಿ ದಿನವಿಡೀ ಗೇಮ್ ಆಡ್ಕಂಡು ಕೂತಿರ್ತಾಳೆ,” ಎಂಬುದು ಬೀದಿಯ ತೀರ್ಪು. ಅವರು ಇವತ್ತಿನವರೆಗೆ ಒಂದು ಗೇಮನ್ನೂ ಕೊನೆಮುಟ್ಟ ಆಡಿದವರಲ್ಲ. ಒಂದು ಕಿಡಿ ಹಾರಿ ಆರುವುದನ್ನು ದಿನಕ್ಕೆ ಮುನ್ನೂರು ಸಲ ನೋಡುವವರಿಗೆ ಆಟವಾಡಲು ಪುರುಸೊತ್ತೆಲ್ಲಿ?

ಇದಕ್ಕೂ ಮೊದಲು ತರೀಕೆರೆಯ ಫ್ಲೆಕ್ಸ್ ಅಂಗಡಿಯಲ್ಲಿ ಆರು ವರ್ಷ ಬ್ಯಾನರ್ ಮಾಡುತ್ತಿದ್ದರು. “ಎಂತೆಂಥೋರ ತಲೆ ಹಿಂದೆ ಸೂರ್ಯನ್ನ ತಂದಿಟ್ಟಿದೀನಿ ಗೊತ್ತಾ? ಬೆಳಕು ಯಾವ ಕಡೆಯಿಂದ ಬಿದ್ರೆ ಮುಖ ದೊಡ್ಡದಾಗಿ ಕಾಣ್ತದೆ ಅನ್ನೋದು ಅಲ್ಲೇ ಕಲಿತಿದ್ದು,” ಎಂದು ನಗುತ್ತಾರೆ. ಉಳಿದದ್ದನ್ನು ಯೂಟ್ಯೂಬಿನಲ್ಲಿ ಕಲಿತರು. ಹೊರದೇಶದ ಗೇಮ್ ಸ್ಟುಡಿಯೊ ಬೇರೆ ಊರಿನ ಒಂದು ಕಂಪನಿಗೆ ಕೆಲಸ ಕೊಡುತ್ತದೆ, ಆ ಕಂಪನಿ ಕೋಮಲಾ ಅವರಿಗೆ ಕೊಡುತ್ತದೆ. ಒಂಬತ್ತು ವರ್ಷಗಳಿಂದ ಇದೇ ದಾರಿ.

ಆರಂಭದ ದಿನಗಳಲ್ಲಿ ಗೇಮ್ ನಡೆಸುವ ಎಂಜಿನ್ ಎಂಬ ತಂತ್ರಾಂಶಕ್ಕೆ ಶಕ್ತಿ ಕಡಿಮೆ. ಒಂದು ಬೆಂಕಿಗೆ ಇನ್ನೂರೇ ಕಣ ಎಂದು ಕಟ್ಟುನಿಟ್ಟು. ಶಿವನಿಯಿಂದ ಬಂದಿದ್ದ ತಾಯಿ ಕಾಶಮ್ಮನವರಿಗೆ ಕೋಮಲಾ ಅದನ್ನು ಬಿಡಿಸಿ ಹೇಳಲು ಹೋದರು. “ಇನ್ನೂರು ಕಣ ಅಷ್ಟೇ ಕೊಡ್ತಾರೆ ಕಣವ್ವ, ಅದ್ರಲ್ಲೇ ಎಲ್ಲಾ ಮುಗಿಸ್ಬೇಕು.”

“ಇನ್ನೂರು ಕಣವಾ? ಯಾವ್ ಸಾವ್ಕಾರಂದೇ ಅಷ್ಟೊಂದು ಕಣ?” ಕಾಶಮ್ಮ ಬಾಯಿ ಬಿಟ್ಟರು. ಅವರು ಕಂಡ ಕಣ ಒಂದೇ, ಸಗಣಿ ಸಾರಿಸಿ ರಾಗಿ ಒಕ್ಕುವ ಕಣ. ಮಗಳು ನಗುತ್ತ ಪರದೆ ತೋರಿಸಿದರು. ಕಾಶಮ್ಮ ನಗಲಿಲ್ಲ.

“ಇದೇನೇ, ಎಲ್ಲಾ ಒಂದೇ ಸಮ ಬೀಳ್ತಾವೆ? ಗಾಳಿ ಯಾವ್ ಕಡೆಯಿಂದ ಬತ್ತದೆ? ಮೊರ ಎತ್ತಿ ತೂರಿದ್ರೆ ಕಾಳು ಕಾಲ್‌ಬುಡಕ್ ಬೀಳ್ಬೇಕು, ಹೊಟ್ಟು ಮಾರುದ್ದ ಹೋಗ್ಬೇಕು, ಧೂಳು ಊರು ದಾಟ್ಬೇಕು. ನೀನ್ ಇಂಗ್ ತೂರಿದ್ರೆ ಬಾಯ್ಗೆ ಮಣ್ಣೇ ಕಣೇ.”

ಕಾಶಮ್ಮ ಮೊರ ಹಿಡಿಯದೆ ಎಷ್ಟೋ ವರ್ಷವಾಗಿತ್ತು. ಈಗ ಊರಲ್ಲಿ ಕಣಗಳೂ ಇಲ್ಲ, ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ ಲಾರಿಗಳಿಂದ ಒಕ್ಕಿಸುತ್ತಾರೆ. ಆದರೆ ಕೈಗೆ ನೆನಪಿತ್ತು. ಅಂದಿನಿಂದ ಕೋಮಲಾ ಪ್ರತಿಯೊಂದು ಧೂಳನ್ನೂ ಮೂರು ತೂಕದಲ್ಲಿ ಮಾಡತೊಡಗಿದರು. ಭಾರದ್ದು ಅಲ್ಲೇ ಬೀಳಬೇಕು, ನಡುವಿನದ್ದು ತೇಲಿ ಬೀಳಬೇಕು, ಹಗುರದ್ದು ಹಾರಿ ಮಾಯವಾಗಬೇಕು. ಫೈಲುಗಳಿಗೂ ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರಿಟ್ಟರು: ಕಾಳು, ಹೊಟ್ಟು, ಧೂಳು. ಅವರ ಧೂಳಿಗೆ ಬೇಡಿಕೆ ಬಂದದ್ದು ಆಮೇಲೆ.

ಎಂಜಿನ್ ಕೂಡ ಸುಮ್ಮನೆ ಕೂತಿರಲಿಲ್ಲ. ಮೊದಲೆಲ್ಲ ಹೊಗೆಯ ಒಂದು ಮೈಗೆ ಬಿಸಿಲು, ಇನ್ನೊಂದು ಮೈಗೆ ನೆರಳು ಎಂದು ಕೋಮಲಾ ಕೈಯಾರೆ ಬಣ್ಣ ತುಂಬುತ್ತಿದ್ದರು. ಒಂದು ಹೊಗೆಗೆ ಮೂರು ದಿನ. ಹೊಸ ಎಂಜಿನ್ನಿನಲ್ಲಿ ಬೆಳಕು ತಾನೇ ಗೋಡೆಗೆ ಬಡಿದು, ನೆಲಕ್ಕೆ ಬಡಿದು, ಹೊಗೆಯೊಳಗೆ ನುಸುಳಿ ಹೊರಬರುತ್ತದೆ. ಕಣಗಳ ಲೆಕ್ಕ ಇನ್ನೂರರಿಂದ ಲಕ್ಷಗಳಿಗೆ ಏರಿದೆ. “ನಾನು ಮೂರು ದಿನ ಬರೀತಿದ್ದ ಬೆಳಕನ್ನ ಅದು ರೆಪ್ಪೆ ಬಡಿಯೋದ್ರೊಳಗೆ ಬರೀತದೆ. ನನಗಿಂತ ಚೆನ್ನಾಗೇ ಬರೀತದೆ, ಸುಳ್ಳು ಯಾಕ್ ಹೇಳ್ಲಿ,” ಎನ್ನುತ್ತಾರೆ ಕೋಮಲಾ. ಅರ್ಧ ಕೆಲಸ ಹಾಗೆ ಹೋಯಿತು. ಆ ಲಕ್ಷ ಕಣ ಹೇಗೆ ಬೀಳಬೇಕು ಎಂಬುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ. ಆ ಅರ್ಧ ಅವರ ಕೈಯಲ್ಲಿತ್ತು.

ಕಳೆದ ವರ್ಷ ಅದೂ ಹೋಯಿತು. ಹೊರದೇಶದ ಸ್ಟುಡಿಯೊದ ಒಬ್ಬಾತ ದೊಡ್ಡ ಸಭೆಯೊಂದರಲ್ಲಿ “ಮೂರು ತೂಕದ ಧೂಳು” ಎಂಬ ತಮ್ಮ ತಂಡದ ಹೊಸ ವಿಧಾನದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ. ಅದರ ವಿಡಿಯೊ ಕೋಮಲಾ ಅವರ ಕಣ್ಣಿಗೂ ಬಿತ್ತು. ಆತನ ಬೆನ್ನ ಹಿಂದಿನ ಪರದೆಯಲ್ಲಿ ಎಮ್ಮೆದೊಡ್ಡಿಯ ಧೂಳು. ಪಕ್ಕದಲ್ಲಿ ಅವರದೇ ಫೈಲುಗಳ ಪಟ್ಟಿ. ಆತ ಒಂದು ಹೆಸರಿನ ಬಳಿ ನಿಂತು, “ಈ ‘ಹೊಟೂ’ ಏನೋ ನನಗೂ ತಿಳಿಯದು, ಯಾರದೋ ಬೆಕ್ಕಿನ ಹೆಸರಿರಬೇಕು,” ಎಂದ. ಸಭೆ ಗೊಳ್ಳೆಂದು ನಕ್ಕಿತು.

“ಹನ್ನೊಂದು ಸಲ ನೋಡಿದೆ,” ಎನ್ನುತ್ತಾರೆ ಕೋಮಲಾ. “ಭಾಷಣ ಅಲ್ಲ. ಆ ನಗು.”

ಆ ಧೂಳು ಸೇರಿದ ಗೇಮಿನ ಕೊನೆಯಲ್ಲಿ ದುಡಿದವರ ಹೆಸರುಗಳು ಇಪ್ಪತ್ತಮೂರು ನಿಮಿಷ ಓಡುತ್ತವೆ. ಅಡುಗೆಯವರ ಹೆಸರಿದೆ. ಗೇಮ್ ತಯಾರಾಗುವಾಗ ಹುಟ್ಟಿದ ಕೂಸುಗಳ ಹೆಸರಿದೆ. ಆಫೀಸಿನ ಎರಡು ನಾಯಿಗಳ ಹೆಸರೂ ಇದೆ. ಕೋಮಲಾ ಹೆಸರಿಲ್ಲ. ಒಂದೇ ಒಂದು ಸಾಲು ಸೇರಿಸಿ ಎಂದು ಅವರು ಕಂಪನಿಯ ಮ್ಯಾನೇಜರ್ ಗುರುಮೂರ್ತಿಯವರಿಗೆ ಮೂರು ಸಲ ಬರೆದರು. “ನಮ್ ಕಂಪನಿ ಹೆಸರೇ ಹಾಕಿಲ್ಲ ಮೇಡಂ, ಇನ್ ನಿಮ್ದೆಲ್ಲಿ? ಅಗ್ರಿಮೆಂಟ್ ಓದಿ,” ಎಂದು ಫೋನಿನಲ್ಲಿ ಉತ್ತರ ಬಂತು. ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ಗಾದೆ. ಮೊರ ಯಾರದು, ರಾಗಿ ಯಾರದು ಎಂದು ಕೇಳುವ ಅಭ್ಯಾಸ ಗಾದೆಗಿಲ್ಲ.

ಈಗ ಮೂರು ತೂಕದ ಧೂಳು ಆ ಸ್ಟುಡಿಯೊದವರ ಎಂಜಿನ್ನಿನಲ್ಲಿ ಒಂದು ಬಟನ್. ಒತ್ತಿದರೆ ಸಾಕು, ಕಾಳು, ಹೊಟ್ಟು, ಧೂಳು ತಾವೇ ಬೇರೆಯಾಗುತ್ತವೆ. ಹಾಗಾಗಿ ಕೋಮಲಾ ಅವರಿಗೆ ಹೊಸ ಕೆಲಸವಿಲ್ಲ. ಇವತ್ತಿನ ಎಮ್ಮೆದೊಡ್ಡಿ ವಿಡಿಯೊವನ್ನೂ ಯಾರೂ ಕೇಳಿಲ್ಲ. “ಎಚ್ಚರ ಆಗ್ಬಿಡ್ತದೆ, ಬಂದ್ಬಿಡ್ತೀನಿ,” ಎನ್ನುವಾಗ ಅವರು ಮುಖ ಎತ್ತುವುದಿಲ್ಲ.

ಕಂಪನಿಯಿಂದ ಬಂದಿರುವ ಕೊನೆಯ ಕೆಲಸವೊಂದಿದೆ, ಇವತ್ತೇ ಗಡುವು. ಹಳೆಯ ಆರುನೂರ ಹನ್ನೆರಡು ಫೈಲುಗಳಿಗೂ ಇಂಗ್ಲಿಷ್ ಹೆಸರಿಟ್ಟು ಒಪ್ಪಿಸಬೇಕು, ಕನ್ನಡದ ಹೆಸರುಗಳು ಸ್ಟುಡಿಯೊದವರಿಗೆ ಗೊಂದಲವಂತೆ. ಆ ಗೇಮುಗಳಲ್ಲಿ ಕೋಮಲಾ ಅವರದೆಂದು ಉಳಿದಿರುವುದು ಆ ಮೂರು ಪದಗಳಷ್ಟೇ. ಅವನ್ನು ಅವರ ಕೈಯಿಂದಲೇ ಅಳಿಸುವ ಏರ್ಪಾಟು.

ಹತ್ತು ಗಂಟೆಗೆ ಅವರು ಕೂದಲಿನ ಧೂಳೂ ತೊಳೆಯದೆ ಪರದೆಯ ಮುಂದೆ ಕೂರುತ್ತಾರೆ. ಕೆಳಗೆ ಮೋಟಾರು ಗುಂಯ್ಗುಡುತ್ತದೆ. ಕಾಳು ಎಂಬುದೆಲ್ಲ ಒಂದೊಂದಾಗಿ ಇಂಗ್ಲಿಷಾಗುತ್ತದೆ. ಧೂಳೂ ಆಗುತ್ತದೆ. ಹೊಟ್ಟಿನ ಸರದಿ ಬಂದಾಗ ಕೈ ನಿಲ್ಲುತ್ತದೆ. ಅವರು ಹೊಟ್ಟಿನ ಇನ್ನೂರ ನಾಲ್ಕು ಫೈಲುಗಳನ್ನು ಇದ್ದ ಹಾಗೇ ಬಿಟ್ಟು, ಎಲ್ಲವನ್ನೂ ಕಳಿಸುವ ಗುಂಡಿ ಒತ್ತುತ್ತಾರೆ.

“ಗುರುಮೂರ್ತಿ ಬೈತಾರೆ, ಬೈಲಿ. ಕಾಳು ಕೊಟ್ಟೆ, ಧೂಳು ಕೊಟ್ಟೆ. ನನ್ ಹೆಸ್ರು ಬ್ಯಾಡ, ಅದರಾಸೆ ಬಿಟ್ಟೆ,” ಎಂದು ಕೋಮಲಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಟವೆಲು ಕೆಂಪಾಗುತ್ತದೆ. “ಹೊಟ್ಟು ಅಂದ್ರೇನು ಅಂತ ಅಲ್ಲಿ ಒಬ್ರಾದ್ರೂ ಕೇಳ್ಲಿ. ಬೆಕ್ಕಲ್ಲ ಕಣ್ರೀ, ನಮ್ಮವ್ವ ತೂರ್ತಿದ್ದುದು ಅಂತ ಹೇಳ್ಬೇಕು ನಾನು.”