ಬಾತಿಯ ಎರಡು ಅರ್ಜಿಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹರಿಹರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂಬ ಹೆಸರನ್ನು ಆಗ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಕೆಲಸ ಮಾತ್ರ ಅದೇ. ಯಂತ್ರಕ್ಕೆ ಏನು ಸೇರಬೇಕು, ಯಾವುದನ್ನು ತೆಗೆಯಬೇಕು, ಯಾರು ನೋಡಬಹುದು ಎಂಬುದೆಲ್ಲ ನನ್ನ ಹೊಣೆ. ದಿನವೂ ಸಂಜೆ ಐದಕ್ಕೆ ಎಲ್ಲ ದಾಖಲೆಗಳನ್ನು ಟೇಪಿಗೆ ನಕಲು ಮಾಡಿ, ದಿನಾಂಕದ ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಐದು ಹೊಡೆದು ಐದು ನಿಮಿಷವಾದರೂ ನನಗೆ ಕಸಿವಿಸಿ.

ಆ ವರ್ಷ ಕಾರ್ಖಾನೆಯ ತರಬೇತಿ ಶಾಲೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಅರ್ಜಿಗಳನ್ನು ಮೊದಲ ಬಾರಿಗೆ ಯಂತ್ರಕ್ಕೆ ಏರಿಸಿದೆವು. ಹೇಗಾದರೂ ಸೀಟು ಸಿಕ್ಕಲಿ ಎಂದು ಒಬ್ಬನೇ ಎರಡೆರಡು ಅರ್ಜಿ ಹಾಕುವ ಅಭ್ಯಾಸ ಹುಡುಗರಲ್ಲಿತ್ತು. ಅದನ್ನು ಹಿಡಿಯಲು ನಾನೊಂದು ಪ್ರೋಗ್ರಾಮ್ ಬರೆದೆ. ಹೆಸರು, ಇನಿಷಿಯಲ್, ಊರು, ಹುಟ್ಟಿದ ದಿನ ಇಷ್ಟೂ ಒಂದೇ ಆಗಿದ್ದರೆ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಅಳಿಸು. ತಂದೆಯ ಪೂರ್ತಿ ಹೆಸರು ದಾಖಲೆಯಲ್ಲಿತ್ತು; ಅದನ್ನೂ ಹೋಲಿಸುತ್ತ ಕೂತರೆ ಯಂತ್ರ ನಿಧಾನವಾಗುತ್ತದೆಂದು ಬಿಟ್ಟೆ. ಅಳಿಸಿದವುಗಳ ಪಟ್ಟಿಯನ್ನು ಮ್ಯಾನೇಜರ ಮುಂದಿಟ್ಟು, "ಇವರೆಲ್ಲ ಮೋಸ ಮಾಡಲು ನೋಡಿದವರು ಸಾರ್" ಎಂದೆ. ಅವರು ನನ್ನ ಬೆನ್ನು ತಟ್ಟಿದರು.

ಆಯ್ಕೆ ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಗದ್ದಲ. ಹತ್ತಿರದ ಬಾತಿ ಊರಿನ ಇಬ್ಬರು ಯುವಕರು, ಒಬ್ಬ ಎತ್ತರ, ಒಬ್ಬ ಗಿಡ್ಡ, ಒಂದೇ ಕರೆಪತ್ರ ಹಿಡಿದು ನಿಂತಿದ್ದರು. ಅಣ್ಣತಮ್ಮಂದಿರ ಮಕ್ಕಳು, ಎತ್ತರದವನು ಅಣ್ಣನ ಮಗ; ಕೂಡಿದ ಮನೆ. ಇಬ್ಬರಿಗೂ ತಾತನ ಹೆಸರು. ಇಬ್ಬರ ತಂದೆಯರ ಹೆಸರೂ ಒಂದೇ ಅಕ್ಷರದಿಂದ ಶುರು. ಒಂದೇ ದಿನ ಶಾಲೆಗೆ ಸೇರಿಸಿದ್ದರಿಂದ ಮೇಷ್ಟ್ರು ಇಬ್ಬರಿಗೂ ಒಂದೇ ವರ್ಷದ ಜೂನ್ ಒಂದನ್ನೇ ಹುಟ್ಟಿದ ದಿನವಾಗಿ ಬರೆದಿದ್ದರು.

"ಅರ್ಧ ಅರ್ಧ ಹರ್ಕಂಡು ಒಳಗೆ ಹೋಗ್ರಲೇ," ಎಂದು ವಾಚ್‌ಮನ್ ನಗುತ್ತಿದ್ದ.

"ನಗಬ್ಯಾಡ್ರಿ ಚಾಚಾ," ಎಂದ ಎತ್ತರದವನು. ನನ್ನತ್ತ ತಿರುಗಿ, "ಸಾರ್, ಮನಿಗೆ ಒಂದೇ ಕಾಗದ ಬಂದೈತೆ. ಯಾರ್ದು ಅಂತ ನೋಡಿ ಹೇಳ್ರಿ. ಮುಂದಿನ ವರ್ಷಕ್ಕೆ ನಮ್ಮಿಬ್ರಿಗೂ ವಯಸ್ಸು ಮೀರ್ತೈತೆ."

ಒಳಗೆ ಹೋಗಿ, ಅಳಿಸುವುದಕ್ಕೆ ಮುಂಚಿನ ದಿನದ ಟೇಪು ಏರಿಸಿ ನೋಡಿದೆ. ಎರಡು ಅರ್ಜಿಗಳೂ ಇದ್ದವು, ಒಂದರ ಕೆಳಗೊಂದು. ತಂದೆಯ ಹೆಸರು ನೋಡಿದರೆ ಮೊದಲನೆಯದು ಗಿಡ್ಡನದು. ಎರಡನೆಯದರಲ್ಲಿ ತಂದೆಯ ಹೆಸರು ಬೇರೆ, ಅಂಕಗಳು ಬೇರೆ. ಅಳಿಸಿದವನು ನಾನು.

ಮ್ಯಾನೇಜರ ಕೋಣೆ ಪಕ್ಕದಲ್ಲೇ ಇತ್ತು. ಪರೀಕ್ಷೆಗೆ ಇನ್ನೂ ಒಂದು ಗಂಟೆಯಿತ್ತು. ನಾಲ್ಕು ಸಾಲು ಬರೆದುಕೊಟ್ಟಿದ್ದರೆ ಇನ್ನೊಂದು ಕರೆಪತ್ರ ಕೈಗೆ ಬರುತ್ತಿತ್ತು. ಆದರೆ ಆ ಪಟ್ಟಿಯಲ್ಲಿ ಇನ್ನೆಷ್ಟು ಇಂಥವು ಇವೆ ಎಂದು ಅವರು ಕೇಳುತ್ತಾರಲ್ಲ? ನಾನು ಗೇಟಿಗೆ ವಾಪಸಾದೆ.

"ಇದು ಇವನದು," ಎಂದು ಗಿಡ್ಡನನ್ನು ತೋರಿಸಿದೆ. "ನಿನ್ನ ಅರ್ಜಿ ಬಂದೇ ಇಲ್ಲ."

ಎತ್ತರದವನು ತಮ್ಮನನ್ನೇ ನೋಡಿದ. "ಎರಡೂ ಟಪಾಲಿಗೆ ಹಾಕ್ತೀನಿ ಅಂತ ದಾವಣಗೆರೆಗೆ ತಗಂಡು ಹೋದೋನು ನೀನು."

"ತಾತನಾಣೆ ಹಾಕೀನಿ ಕಣೋ."

"ಹಾಕಿದ್ರೆ ಎಲ್ಲಿಗೋತಲೇ? ಕಂಪ್ಯೂಟರ್ ಸುಳ್ಳು ಹೇಳ್ತತಾ?"

ಗಿಡ್ಡನ ಮುಖ ಕಪ್ಪಿಟ್ಟಿತು. ನನ್ನ ಕಡೆ ಒಮ್ಮೆ ನೋಡಿದ, ನಾನೇನಾದರೂ ಹೇಳುತ್ತೇನೆಂದು. ನಾನು ಕೈಗಡಿಯಾರ ನೋಡಿಕೊಂಡೆ. ಆಗ ಅವನು ಕರೆಪತ್ರವನ್ನು ಅಣ್ಣನ ಅಂಗಿಯ ಜೇಬಿಗೆ ತುರುಕಿದ. "ಹೆಸ್ರು ಒಂದೇ ಐತೆ. ನೀನೇ ಹೋಗಿ ಬರಿ. ನಂಗೆ ಬ್ಯಾಡ." ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟುಬಿಟ್ಟ. ಆಗ ಪತ್ರದ ಮೇಲೆ ಫೋಟೊ ಇರುತ್ತಿರಲಿಲ್ಲ. ಎತ್ತರದವನು ಒಳಗೆ ಹೋದ. ನಾನು ತಡೆಯಲಿಲ್ಲ. ಅವನು ಚೆನ್ನಾಗಿ ಬರೆದು ಆಯ್ಕೆಯೂ ಆದ.

ಎಂಟು ತಿಂಗಳ ನಂತರ, ಎಣ್ಣೆಯ ಕಲೆಯ ನೀಲಿ ಅಂಗಿಯಲ್ಲಿ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ತನ್ನ ದಾಖಲೆಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಚಿಕ್ಕಪ್ಪನ ಹೆಸರು ಬಿದ್ದಿದೆ ಎಂದ. ಅಂಥ ತಿದ್ದುಪಡಿಗೆ ಕಾರಣ ಬರೆಯಬೇಕು. ನಾನು 'ಟೈಪಿಂಗ್ ದೋಷ' ಎಂದು ಬರೆದು ರುಜು ಹಾಕಿದೆ. ಅರ್ಜಿಗಳನ್ನು ಯಂತ್ರಕ್ಕೆ ಟೈಪ್ ಮಾಡಿದ್ದ ನಮ್ಮ ವಿಭಾಗದ ಹೆಣ್ಣುಮಕ್ಕಳ ತಲೆಗೆ ಆ ತಪ್ಪನ್ನು ಕಟ್ಟಿದೆನೆಂಬುದು ಆಗ ಹೊಳೆಯಲೂ ಇಲ್ಲ.

ಕೇಳಬಾರದಿತ್ತು, ಕೇಳಿದೆ: "ನಿನ್ನ ತಮ್ಮ ಏನು ಮಾಡ್ತಿದಾನೆ?"

"ಮಂಡಕ್ಕಿ ಭಟ್ಯಾಗೆ ಅದಾನ್ರಿ. ಬಿಸಿಗೆ ಕಣ್ಣು ಕೆಂಪಗೆ ಆಗಿರ್ತಾವು."

"ಮಾತಾಡ್ತೀರಾ?"

"ಮೊದ್ಲು ಬಿಟ್ಟಿದ್ದೆ ಸಾರ್. ಮನ್ಯಾಗೂ ಎಲ್ಲಾರು ಅವನ್ನ ಕಳ್ಳ ಅಂದ್ರು. ಅವನ ಅವ್ವನೂ ಅಂದ್ಳು. ಈಗ ಮಾತಾಡ್ತೀನಿ. ತಪ್ಪು ಮಾಡಿದ್ರೂ ಕೊನಿಗೆ ಕಾಗದ ನಂಗೇ ಕೊಟ್ನಲ್ರಿ. ಅವನು ಮಾತ್ರ ಇವತ್ತಿಗೂ ಒಪ್ಪಲ್ಲ, ಹಾಕಿದ್ದೆ ಅಂತಾನೇ ಅಂತಾನೆ. ಹೋಗ್ಲಿ, ನಾನು ಕ್ಷಮಿಸಿಬಿಟ್ಟೀನಿ."

ಎರಡೂ ಅರ್ಜಿಗಳಿದ್ದ ಆ ಟೇಪು ಆಗಲೇ ಸರದಿಯಂತೆ ಅಳಿಸಿಹೋಗಿ, ಅದರ ಮೇಲೆ ಬೇರೆ ದಾಖಲೆಗಳು ಕೂತಿದ್ದವು. ಬೇಕೆಂದಿದ್ದರೆ ನಾನದನ್ನು ತೆಗೆದಿಡಬಹುದಿತ್ತು, ತೆಗೆದಿಡಲಿಲ್ಲ. ಆದರೂ ಬಾಯಿ ಇತ್ತಲ್ಲ. ನಿನ್ನ ತಮ್ಮ ಎರಡನ್ನೂ ಟಪಾಲಿಗೆ ಹಾಕಿದ್ದ, ಅಳಿಸಿದವನು ನಾನು ಎನ್ನಲು ಎಷ್ಟು ಹೊತ್ತು ಬೇಕು?

"ದೊಡ್ಡ ಉಪಕಾರ ಆತು ಸಾರ್, ಬರ್ತೀನ್ರಿ," ಎಂದು ಅವನು ಕೈ ಮುಗಿದ.

"ಆಯ್ತು, ಬಾಗಿಲು ಹಾಕಿಕೊಂಡು ಹೋಗು. ಒಳಗೆ ಧೂಳು ಬರುತ್ತದೆ," ಎಂದೆ.