ಬೂದನ ಪರವಾಗಿ ನನ್ನ ವಕಾಲತ್ತು

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಬಂದ ವರ್ಷ, ನನ್ನ ಜೊತೆ ಊಟಕ್ಕೆ ಕೂತವರು ಬೇಗ ಕೈ ತೊಳೆಯುತ್ತಿದ್ದರು. ಬಳ್ಳಾರಿಯಲ್ಲಿ ಎದುರಾಳಿಗಳು ಸಿಗದಾದಾಗ ರಜೆಗೆ ಸಿರುಗುಪ್ಪದ ದೊಡ್ಡಪ್ಪನ ಮನೆಗೆ ಹೋದೆ.

ಅಲ್ಲಿ ಬೂದನನ್ನು ಮಾರುವ ಮಾತು ನಡೆದಿತ್ತು. ಬೂದ, ಕೆಂದ ಎರಡೂ ಒಂದೇ ಆಕಳು ಹೆತ್ತ ಎತ್ತುಗಳು. ಲಾರಿ ಎದುರಾದರೆ ಕೆಂದ ಕೊಂಬು ತಗ್ಗಿಸಿ ಮುನ್ನುಗ್ಗುತ್ತಿತ್ತು. ಬೂದ ನಿಂತು, ನಡುಗಿ, ಗಾಳಿ ಮೂಸಿದ ಮೇಲೆಯೇ ಹೆಜ್ಜೆ ಇಡುತ್ತಿತ್ತು.

"ಪುಕ್ಕಲು ಲೇ ಅದು, ಹುಟ್ಟುಗುಣ. ಅಮಾಸಿ ಕಳೀಲಿ, ಕುರುಗೋಡಿನ ದನದ ದಲ್ಲಾಳಿ ಬಂದು ಹೊಡಕೊಂಡು ಹೋಗ್ತಾನ," ಅಂದ ದೊಡ್ಡಪ್ಪ. ಕರುವಿದ್ದಾಗಿನಿಂದ ಅದಕ್ಕೆ ಕೈತುತ್ತು ಹಾಕಿದ್ದ ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ನಾನು ಎದ್ದು ನಿಂತೆ. ಕೂತು ಮಾತಾಡುವುದು ಆಗ ನನಗೆ ಬರುತ್ತಿರಲಿಲ್ಲ. "ಹುಟ್ಟುಗುಣ ಅನ್ನೋದು ಸೋಮಾರಿಗಳ ಸಿದ್ಧಾಂತ. ತಾಯಿ ಒಂದೇ, ಮೇವು ಒಂದೇ. ವ್ಯತ್ಯಾಸ ಬರೀ ಅಭ್ಯಾಸದ್ದು. ಎಂಟು ದಿನ ಕೊಡ್ರಿ, ಸದ್ದಿಗೆ ಹೆದರದ ಹಾಗೆ ಮಾಡ್ತೀನಿ."

ಎಂಟು ದಿನ ಎರಡೂ ಹೊತ್ತು ಕೊಟ್ಟಿಗೆಯಲ್ಲಿ ಸೀಮೆಎಣ್ಣೆ ಡಬ್ಬಿ ಬಡಿದೆ. ಕೆಂದ ಮೊದಲ ದಿನ ಡಬ್ಬಿಗೆ ಒದ್ದು, ಮೂರನೆಯ ದಿನಕ್ಕೆ ಅದನ್ನೂ ನನ್ನನ್ನೂ ಮರೆಯಿತು. ಬೂದ ಎಂಟನೆಯ ದಿನವೂ ನಡುಗಿತು. "ಎತ್ತಿನ ಮಾತು ಬಿಡು, ನನಗ ತಲಿನೋವು ಬಂತು," ಅಂದಳು ದೊಡ್ಡಮ್ಮ.

ಮರುದಿನ ಹತ್ತಿ ಹೇರಿಕೊಂಡು ಬಳ್ಳಾರಿಯ ಜಿನ್ನಿಂಗ್ ಗಿರಣಿಗೆ ಹೊರಟೆವು. ಕುರುಗೋಡಿನ ಈಚಿನ ಹಳ್ಳದಲ್ಲಿ ಹಳೆಯ ಇಳಿಜಾರು ಮಳೆಗೆ ಕುಸಿದಿತ್ತು; ಪಕ್ಕದಲ್ಲೇ ಹೊಸದು ಕಡಿದಿದ್ದರು. ಧೀರ ಕೆಂದ ಹಳೆಯ ದಾರಿಯತ್ತಲೇ ಕತ್ತು ಎಳೆಯಿತು. ಬಾರುಕೋಲಿಗೂ ತಿರುಗಲಿಲ್ಲ, ನನ್ನ ಉಪದೇಶಕ್ಕಂತೂ ಇಲ್ಲ. ಕೊನೆಗೆ ನೊಗದಡಿಯಲ್ಲೇ ಮಲಗಿಬಿಟ್ಟಿತು.

ದೊಡ್ಡಪ್ಪ ಎರಡನ್ನೂ ಬಿಚ್ಚಿ ಬೂದನನ್ನು ಹೊಸ ಇಳಿಜಾರಿನಲ್ಲಿ ಮುಂದೆ ಬಿಟ್ಟ. ಅದು ನಿಂತಿತು, ನಡುಗಿತು, ಕೆಸರು ಮೂಸಿತು, ನೀರು ಮೂಸಿತು, ಒಂದು ಗೊರಸು ಇಟ್ಟು ಹಿಂದೆಗೆಯಿತು. ಆಮೇಲೆ ಸಾವಕಾಶವಾಗಿ ದಾಟಿತು. ಕೆಂದ ಎದ್ದು ಅದರ ಬಾಲ ಹಿಡಿದಂತೆ ಹಿಂದೆ ಹೋಯಿತು. ವಾಪಸು ತಂದು ಹೂಡಿದರೆ ಗಾಡಿಯೂ ದಾಟಿತು.

"ನೋಡಿದ್ರಾ, ನನ್ನ ಡಬ್ಬಿ ಫಲ!" ಅಂದೆ.

"ಹಂಗಾರ ಕೆಂದ ಬ್ಯಾರೆ ಡಬ್ಬಿ ಕೇಳಿತ್ತೇನಲೇ?" ಅಂದ ದೊಡ್ಡಪ್ಪ.

ಇದಕ್ಕೆ ನನಗೆ ಉತ್ತರ ಹೊಳೆದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆ ತಲುಪಿದ ಮೇಲೆ. ಅದೂ ಸಪ್ಪೆ ಉತ್ತರ, ನುಂಗಿಕೊಂಡೆ.

ಅಮಾವಾಸ್ಯೆ ಕಳೆದು ಕುರುಗೋಡಿನವನು ಬಂದ. ಬೂದನ ಮುಖದೆದುರು ಫಟ್ಟನೆ ಛತ್ರಿ ಬಿಚ್ಚಿದ. ಬೂದ ನಿಂತಲ್ಲೇ ನಡುಗಿತು.

"ಪುಕ್ಕಲು ಐತಲ್ರೀ ಇದು!"

"ಹೌದ್ರೀ," ಅಂದ ದೊಡ್ಡಪ್ಪ. "ಅದಕ್ಕ ಕೊಡಂಗಿಲ್ಲ."

ಅವನು ಅರ್ಥವಾಗದೆ ನನ್ನ ಮುಖ ನೋಡಿದ. ಯಾರೂ ಕೇಳದಿದ್ದರೂ ಇಷ್ಟು ವರ್ಷ ಮಾತಾಡಿದವನನ್ನು ಮೊದಲ ಸಲ ಒಬ್ಬ ಕಣ್ಣಲ್ಲೇ ವಿವರಣೆ ಕೇಳಿದ್ದ. ಗಂಟಲು ಸರಿಮಾಡಿಕೊಂಡೆ. ದೊಡ್ಡಮ್ಮ ನನ್ನ ಕೈಗೆ ರೊಟ್ಟಿ ತುರುಕಿ, "ನೀ ಸುಮ್ನ ತಿನ್ನು," ಅಂದು ಬೂದನ ಹಗ್ಗ ಬಿಚ್ಚಿಕೊಂಡು ಕೊಟ್ಟಿಗೆಗೆ ನಡೆದಳು.